ಕೂಗಿ, ಆದರೆ ಪಟ್ಟಿ ಓದಿ ಕೂಗಿ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯ ಹುಡುಗರೇ, ಹೆಣ್ಣುಮಕ್ಕಳೇ, ‘ವೋಟು ಕದ್ದರು’ ಎಂದು ನೀವು ಕುದಿಯುತ್ತಿರುವುದು ನನಗೆ ಗೊತ್ತು. ಸಮಾಧಾನ ಮಾಡಿಕೊಳ್ಳಿ ಎಂದು ಹೇಳುವವನಲ್ಲ ನಾನು. ಮೇಷ್ಟ್ರಾಗಿದ್ದವನು. ಪಾಠದ ಜೊತೆಗೆ ಜನಗಣತಿ, ಮತದಾರರ ಪಟ್ಟಿ, ಮತಗಟ್ಟೆ ಡ್ಯೂಟಿ ಎಲ್ಲ ಮಾಡಿ ರಿಟೈರ್ ಆದವನು. ವೋಟು ಹೋಯಿತು ಅಂದರೂ ಸಿಟ್ಟು ಬಾರದ ಊರಿನಲ್ಲಿ ಏನೋ ಕೆಟ್ಟಿದೆ ಎಂದೇ ನನ್ನ ಎಣಿಕೆ. ಆದರೆ ನಿಮ್ಮ ಸಿಟ್ಟು ಫೋನಿನಲ್ಲಿ ಹುಟ್ಟಿ ಫೋನಿನಲ್ಲೇ ಮುಗಿಯುತ್ತಿದೆ. ಪಟ್ಟಿಯ ತನಕ ಬರುತ್ತಿಲ್ಲ. ನನ್ನ ಕಿವಿಮಾತು ಇಷ್ಟೇ.

2025ರ ಆಗಸ್ಟ್ 7ರಂದು ರಾಹುಲ್ ಗಾಂಧಿಯವರು ದಿಲ್ಲಿಯಲ್ಲಿ ನಮ್ಮ ಬೆಂಗಳೂರಿನ ಮಹದೇವಪುರದ ಪಟ್ಟಿ ತೋರಿಸಿ, ಆ ಒಂದೇ ವಿಧಾನಸಭಾ ಕ್ಷೇತ್ರದಲ್ಲಿ 1,00,250 ಮತಗಳು ಖೊಟ್ಟಿ ಎಂದು ಆರೋಪಿಸಿದರು. ಕೇಂದ್ರದಲ್ಲಿ ಆಳುವ ಬಿಜೆಪಿಯ ಜೊತೆ ಚುನಾವಣಾ ಆಯೋಗವೇ ಕೈಜೋಡಿಸಿದೆ ಎಂದರು. ಮರುದಿನ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅವರ ಕಾಂಗ್ರೆಸ್ ಪಕ್ಷ ಸಭೆ ನಡೆಸಿತು. ಆಯೋಗ ಆರೋಪವನ್ನು ತಳ್ಳಿಹಾಕಿ, ಪ್ರಮಾಣ ಮಾಡಿ ಬರೆದುಕೊಡಿ ಎಂದಿತು. ಬಿಜೆಪಿ ಎಲ್ಲ ಸುಳ್ಳು ಎಂದಿತು. ಈ ಗದ್ದಲದ ನಡುವೆ ರಾಜ್ಯದ ಕಾಂಗ್ರೆಸ್ ಸರ್ಕಾರದಲ್ಲಿ ಸಹಕಾರ ಸಚಿವರಾಗಿದ್ದ ಕೆ.ಎನ್. ರಾಜಣ್ಣ, ಪಟ್ಟಿ ತಯಾರಾದಾಗ ರಾಜ್ಯದಲ್ಲಿ ಇದ್ದದ್ದು ನಮ್ಮದೇ ಸರ್ಕಾರ, ಆಗ ನಾವೇಕೆ ಸುಮ್ಮನಿದ್ದೆವು ಎಂಬರ್ಥದ ಮಾತಾಡಿ, ಆಗಸ್ಟ್ 11ರಂದು ಸಂಪುಟದಿಂದಲೇ ಹೊರಬಿದ್ದರು.

ಅವರ ಪಕ್ಷದ ಒಳಜಗಳ ನಮಗೆ ಬೇಡ. ಅವರು ಎತ್ತಿದ ಪ್ರಶ್ನೆ ಬೇಕು. ಪ್ರತಿವರ್ಷ ಕರಡು ಪಟ್ಟಿ ಹೊರಬೀಳುತ್ತದೆ, ಆಕ್ಷೇಪಣೆಗೆ ದಿನ ಕೊಡುತ್ತಾರೆ, ಮಾನ್ಯತೆ ಪಡೆದ ಪಕ್ಷಗಳಿಗೆ ಪ್ರತಿ ಕೊಡುತ್ತಾರೆ. ಅಷ್ಟು ದಿನ ಅದನ್ನು ಯಾರು ಓದಿದರು? ಮೈಕಿನ ಮುಂದೆ ನಿಲ್ಲಲು ಸಾವಿರ ಜನ ಸಿಗುತ್ತಾರೆ. ಶಾಲೆಯ ಬೆಂಚಿನ ಮೇಲೆ ಕೂತು ಸಾವಿರ ಹೆಸರು ಓದಲು ಒಬ್ಬ ಸಿಗುವುದಿಲ್ಲ.

ಓದಿದರೆ ಏನಾಗುತ್ತದೆ ಎಂದು ಕೇಳಿದರೆ ಕಲಬುರಗಿ ಜಿಲ್ಲೆಯ ಆಳಂದದ ಕಡೆ ನೋಡಿ. 2023ರ ವಿಧಾನಸಭಾ ಚುನಾವಣೆಗೆ ಕೆಲವೇ ತಿಂಗಳ ಮುಂಚೆ, ಅಲ್ಲಿ ಹೆಸರು ತೆಗೆಯಿರಿ ಎಂದು ನಮೂನೆ 7ರಲ್ಲಿ 6,018 ಆನ್‌ಲೈನ್ ಅರ್ಜಿಗಳು ಬಂದವು. ಬೂತ್ ಮಟ್ಟದ ಅಧಿಕಾರಿ (ಬಿಎಲ್ಒ) ಒಬ್ಬರ ಕಣ್ಣಿಗೆ ತಮ್ಮ ಬಂಧುವಿನ ಹೆಸರೇ ಬಿತ್ತು. ಊರಲ್ಲೇ ಇರುವ ಮನುಷ್ಯನನ್ನು ತೆಗೆಯಿರಿ ಅಂದವರು ಯಾರು ಎಂದು ನೋಡಿದರೆ ಅರ್ಜಿದಾರನ ಜಾಗದಲ್ಲಿ ಅದೇ ಊರಿನವರ ಹೆಸರಿತ್ತು. ಅವರನ್ನು ಕೇಳಿದರೆ, ನಾನು ಹಾಕೇ ಇಲ್ಲ ಅಂದರು. ದೂರು ಹೋಯಿತು, ಅರ್ಜಿಗಳ ಪರಿಶೀಲನೆ ಆಯಿತು. ಅಷ್ಟರಲ್ಲಿ ನಿಜವಾದವು 24. ಉಳಿದ 5,994 ತಿರಸ್ಕೃತವಾದವು. 2023ರ ಫೆಬ್ರುವರಿ 21ರಂದು ಆಳಂದ ಠಾಣೆಯಲ್ಲಿ ಕೇಸು ದಾಖಲಾಯಿತು. 2018ರಲ್ಲಿ ಆ ಕ್ಷೇತ್ರದ ಸೋಲು ಗೆಲುವಿನ ಅಂತರ 697 ಮತ. ತಿರಸ್ಕೃತ ಅರ್ಜಿಗಳ ಲೆಕ್ಕವನ್ನೂ ಈ ಅಂತರವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ, ಆಟ ಎಷ್ಟು ದೊಡ್ಡದಿತ್ತು ಎಂದು ತಿಳಿಯುತ್ತದೆ.

ಆ ಅರ್ಜಿಗಳು ಬಂದಾಗ ರಾಜ್ಯದಲ್ಲಿ ಬಿಜೆಪಿ ಸರ್ಕಾರ. ಕಾಂಗ್ರೆಸ್‌ನ ಬಿ.ಆರ್. ಪಾಟೀಲರು 2023ರ ಆ ಚುನಾವಣೆಯಲ್ಲಿ ಗೆದ್ದರು. 2025ರ ಸೆಪ್ಟೆಂಬರ್‌ನಲ್ಲಿ ಕಾಂಗ್ರೆಸ್ ಸರ್ಕಾರ ವಿಶೇಷ ತನಿಖಾ ತಂಡ ಮಾಡಿತು. ಕ್ಷೇತ್ರದ ಬಿಜೆಪಿಯ ಮಾಜಿ ಶಾಸಕರೂ ಸೇರಿ ಕೆಲವರ ಮೇಲೆ ಆ ತಂಡ ದೋಷಾರೋಪ ಪಟ್ಟಿ ಹಾಕಿದೆ. ಅವರು ಆರೋಪವನ್ನು ಒಪ್ಪಿಲ್ಲ. ತೀರ್ಪು ಹೇಳುವುದು ಕೋರ್ಟಿನ ಕೆಲಸ, ನನ್ನದೂ ಅಲ್ಲ ನಿಮ್ಮದೂ ಅಲ್ಲ. ತನಿಖೆ ತಡವಾದದ್ದಕ್ಕೆ ಆಯೋಗ ಮಾಹಿತಿ ಕೊಡಲಿಲ್ಲ ಎಂದು ಒಬ್ಬರು, ಕೊಟ್ಟಾಗಿದೆ ಎಂದು ಇನ್ನೊಬ್ಬರು ಕಿತ್ತಾಡಿದ್ದಾರೆ. ನಾನು ತೋರಿಸಬೇಕೆಂದಿರುವುದು ಬೇರೆ. ಆರು ಸಾವಿರ ವೋಟು ಉಳಿದದ್ದು ಯಾರ ಭಾಷಣದಿಂದಲೂ ಅಲ್ಲ. ಒಬ್ಬ ಹೆಣ್ಣುಮಗಳು ತನ್ನ ಮುಂದೆ ಬಂದ ಹೆಸರನ್ನು ಓದಿದಳು, ಗುರುತು ಹಿಡಿದಳು, ಸುಮ್ಮನಿರಲಿಲ್ಲ.

ಆಳಂದದ ಕೇಸಿನ ಹಿಂದಿನ ವರ್ಷ ನಡೆದ ಬೆಂಗಳೂರಿನ ‘ಚಿಲುಮೆ’ ಹಗರಣವೂ ಹಾಗೆಯೇ. ಮತದಾರರಲ್ಲಿ ಜಾಗೃತಿ ಮೂಡಿಸುತ್ತೇವೆ ಎಂದು 2022ರ ಆಗಸ್ಟ್‌ನಲ್ಲಿ ಬಿಬಿಎಂಪಿಯಿಂದ ಅನುಮತಿ ಪಡೆದ ಖಾಸಗಿ ಸಂಸ್ಥೆಯ ಹುಡುಗರು ಸರ್ಕಾರಿ ನೌಕರರ ಸೋಗಿನಲ್ಲಿ ಮನೆಮನೆಗೆ ಹೋಗಿ ಜಾತಿ, ಫೋನ್ ನಂಬರು ಎಲ್ಲ ಬರೆದುಕೊಂಡರು ಎಂಬುದು ದೂರು. ನವೆಂಬರ್‌ನಲ್ಲಿ ಪತ್ರಕರ್ತರು ಅದನ್ನು ಬಯಲಿಗೆಳೆದರು. ಆಯೋಗ ಇಬ್ಬರು ಐಎಎಸ್ ಅಧಿಕಾರಿಗಳನ್ನು ಅಮಾನತು ಮಾಡಿಸಿ, ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳಲ್ಲಿ ಸೇರಿಸಿದ, ತೆಗೆದ ಹೆಸರುಗಳನ್ನೆಲ್ಲ ಮತ್ತೆ ಪರಿಶೀಲಿಸಲು ಹೇಳಿತು. ಕಾಂಗ್ರೆಸ್ ಅಂದಿನ ಬಿಜೆಪಿ ಸರ್ಕಾರದ ಕಡೆ ಬೆರಳು ತೋರಿಸಿತು. ಆ ಸಂಸ್ಥೆಯನ್ನು ಒಳಗೆ ಬಿಟ್ಟವರು ನಿಮ್ಮವರೇ ಎಂದು ಬಿಜೆಪಿ ತಿರುಗಿ ಹೇಳಿತು. ಇದರಲ್ಲಿ ನಿಮಗೊಂದು ಪಾಠವಿದೆ. ಕೊರಳಿಗೆ ಬಿಲ್ಲೆ ಹಾಕಿಕೊಂಡು ಯಾರೇ ಬರಲಿ, ಮೊದಲು ನಿಮ್ಮ ಬೂತಿನ ಬಿಎಲ್ಒ ಯಾರು ಎಂದು ಗೊತ್ತಿರಲಿ. ಸಾಮಾನ್ಯವಾಗಿ ಅವರು ನಿಮ್ಮೂರ ಅಂಗನವಾಡಿ ಅಕ್ಕನೋ ಶಾಲೆಯ ಮೇಷ್ಟ್ರೋ ಆಗಿರುತ್ತಾರೆ. ಮುಖ ಗೊತ್ತಿಲ್ಲದವರಿಗೆ ವೋಟರ್ ಐಡಿ ನಂಬರನ್ನಾಗಲಿ ಫೋನಿಗೆ ಬಂದ ಓಟಿಪಿಯನ್ನಾಗಲಿ ಹೇಳಬೇಡಿ.

ಇನ್ನು ನಮ್ಮ ಸೀಮೆಗೆ ಬರೋಣ. ಸರ್ಕಾರದ ಲೆಕ್ಕದಲ್ಲಿ ನಾವೆಲ್ಲ ಹುಣಸೂರು ಉಪವಿಭಾಗದವರು. ಆದರೆ ಲೋಕಸಭೆಗೆ ಮೂರು ಪಾಲಾದವರು. ಹುಣಸೂರು, ಪಿರಿಯಾಪಟ್ಟಣ ಮೈಸೂರು–ಕೊಡಗು ಕ್ಷೇತ್ರಕ್ಕೆ, ಕೋಟೆ ಚಾಮರಾಜನಗರಕ್ಕೆ, ಕೆ.ಆರ್. ನಗರ ಮಂಡ್ಯಕ್ಕೆ. ಇಲ್ಲಿ ಹೆಸರು ಜಾರುವವರಲ್ಲಿ ಮೊದಲನೆಯವರು ಮದುವೆಯಾಗಿ ಹೋದ ಹೆಣ್ಣುಮಕ್ಕಳು. ಹುಣಸೂರಿನ ಹುಡುಗಿಯನ್ನು ಕೆ.ಆರ್. ನಗರಕ್ಕೆ ಮದುವೆ ಮಾಡಿಕೊಟ್ಟರೆ ಅವಳ ಶಾಸಕರೂ ಬೇರೆ, ಸಂಸದರೂ ಬೇರೆ. ಅವಳ ಹೆಸರನ್ನು ಈ ಪಟ್ಟಿಯಿಂದ ಆ ಪಟ್ಟಿಗೆ ದಾಟಿಸಲು ನಮೂನೆ 8 ತುಂಬಬೇಕು. ಅದನ್ನು ಯಾರೂ ತುಂಬುವುದಿಲ್ಲ. ತವರಲ್ಲಿ ‘ಬೇರೆಡೆ ಹೋದವಳು’ ಎಂದು ತೆಗೆದಿರುತ್ತಾರೆ, ಗಂಡನ ಊರಲ್ಲಿ ಸೇರಿಸಿರುವುದಿಲ್ಲ. ಇದರಲ್ಲಿ ಯಾವ ಪಕ್ಷದ ಪಿತೂರಿಯೂ ಇಲ್ಲ, ಆದರೂ ಒಂದು ವೋಟು ಹೋಯಿತು. 1951–52ರ ಮೊದಲ ಮಹಾಚುನಾವಣೆಯಲ್ಲಿ ಉತ್ತರದ ರಾಜ್ಯಗಳ ಸುಮಾರು 28 ಲಕ್ಷ ಹೆಂಗಸರು, ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿ ಸ್ವಂತ ಹೆಸರು ಹೇಳದ ಕಾರಣ ಪಟ್ಟಿಯಿಂದ ಹೊರಗುಳಿದಿದ್ದರು. ಹೆಣ್ಣುಮಕ್ಕಳ ಹೆಸರು ಬೇಗ ಜಾರುತ್ತದೆ, ಅಂದೂ ಇಂದೂ.

ಎರಡನೆಯದು ಹಾಡಿಗಳು. ಕೋಟೆ, ಹುಣಸೂರು, ಪಿರಿಯಾಪಟ್ಟಣದ ಕಾಡಂಚಿನ ಜೇನುಕುರುಬರು, ಬೆಟ್ಟಕುರುಬರು, ಯರವರಲ್ಲಿ ಅನೇಕರು ಕಾಫಿ ಹಣ್ಣಿನ ಕಾಲಕ್ಕೆ ಕೊಡಗಿನ ತೋಟಗಳಿಗೆ ಹೋಗಿ ಲೈನ್ ಮನೆಗಳಲ್ಲಿರುತ್ತಾರೆ. ನಮ್ಮಲ್ಲಿ ಪಟ್ಟಿ ಪರಿಷ್ಕರಣೆ ಸಾಮಾನ್ಯವಾಗಿ ನಡೆಯುವುದು ಅಕ್ಟೋಬರ್, ನವೆಂಬರ್‌ನಿಂದ ಜನವರಿಯ ತನಕ. ಹಾಡಿಯ ಬಾಗಿಲಿಗೆ ಬೀಗ ಬೀಳುವ ಕಾಲವೂ ಹೆಚ್ಚುಕಡಿಮೆ ಅದೇ. ಬೀಗ ಕಂಡವರು ‘ಇಲ್ಲಿಲ್ಲ’ ಎಂದು ಬರೆದರೆ ಮುಗಿಯಿತು. ನಾಗರಹೊಳೆಯಿಂದಲೂ ಕಬಿನಿ ಜಲಾಶಯದ ಜಾಗದಿಂದಲೂ ಒಮ್ಮೆ ಎತ್ತಂಗಡಿಯಾದವರು ಈಗ ಪಟ್ಟಿಯಿಂದಲೂ ಎತ್ತಂಗಡಿ. ಕೋಟೆ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಕ್ಷೇತ್ರ ಎನ್ನುವುದನ್ನು ನೆನಪಿಡಿ. ಕ್ಷೇತ್ರ ಅವರ ಹೆಸರಿನಲ್ಲಿ ಮೀಸಲು, ಅವರ ಹೆಸರೇ ಪಟ್ಟಿಯಲ್ಲಿ ಇಲ್ಲ ಅಂದರೆ ಏನರ್ಥ?

ಮೂರನೆಯದು ಬೈಲಕುಪ್ಪೆ, ಗುರುಪುರದ ಟಿಬೆಟನ್ನರು. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮುಂಚಿನವರೆಗೆ ಭಾರತದಲ್ಲಿ ಹುಟ್ಟಿದವರು ಕಾನೂನಿನ ಪ್ರಕಾರ ಹುಟ್ಟಿನಿಂದಲೇ ಇಲ್ಲಿನ ನಾಗರಿಕರು. 2013ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿದ ಮೇಲೆ, 2014ರ ಫೆಬ್ರುವರಿಯಲ್ಲಿ ಅಂಥವರನ್ನು ಪಟ್ಟಿಗೆ ಸೇರಿಸಿ ಎಂದು ಆಯೋಗ ಹೇಳಿತು. ಸೇರುವುದು ಬಿಡುವುದು ಅವರವರ ಮನಸ್ಸು. ಆದರೆ ಪಟ್ಟಿಯಲ್ಲಿ ಅಂಥ ಹೆಸರು ಕಂಡಾಕ್ಷಣ ‘ಹೊರಗಿನವರು’ ಎಂದು ಫೋಟೊ ತೆಗೆದು ಹಂಚುವ ಮೊದಲು ಇಷ್ಟು ತಿಳಿದಿರಲಿ. ಮತಗಳ್ಳರನ್ನು ಹಿಡಿಯುತ್ತೇನೆ ಎಂದು ಹೊರಟು ನೀವೇ ಒಬ್ಬರ ವೋಟು ಕಿತ್ತುಕೊಳ್ಳಬಾರದು.

ಓದುವುದು ಹೇಗೆ ಅಂತೀರಾ? ಕಗ್ಗುಂಡಿಯಲ್ಲೋ ಕಟ್ಟೆಮಳಲವಾಡಿಯಲ್ಲೋ ತಂಬಾಕು ಹರಾಜಿಗೆ ಹೋದಾಗ ನಿಮ್ಮಪ್ಪ ಬೇಲಿನ ಚೀಟಿ ಓದದೆ, ತೂಕ ನೋಡದೆ, ಯಾರೋ ನೋಡಿಕೊಳ್ಳುತ್ತಾರೆ ಬಿಡು ಎಂದು ಬಸ್ಸು ಹತ್ತುತ್ತಾರೆಯೇ? ಅಷ್ಟೇ ಎಚ್ಚರ ಇಲ್ಲೂ ಸಾಕು. ಬೂತಿನ ಪಟ್ಟಿಯನ್ನು ಆಯೋಗದ ಜಾಲತಾಣದಿಂದ ಇಳಿಸಿಕೊಳ್ಳಬಹುದು, ಬಿಎಲ್ಒ ಹತ್ತಿರವೂ ನೋಡಬಹುದು. ನಿಮ್ಮ ಹೆಸರು ಸಿಕ್ಕಿತೆಂದು ಮುಚ್ಚಿಡಬೇಡಿ. ಕೊನೆಯ ಪುಟಗಳ ಪೂರಕ ಪಟ್ಟಿ ತೆಗೆಯಿರಿ. ತೆಗೆದ ಹೆಸರುಗಳ ಪಕ್ಕ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ‘ಇ’ ಅಂದರೆ ತೀರಿಕೊಂಡವರು, ‘ಎಸ್’ ಅಂದರೆ ಬೇರೆಡೆಗೆ ಹೋದವರು, ‘ಆರ್’ ಅಂದರೆ ಎರಡು ಕಡೆ ಹೆಸರಿದ್ದವರು. ‘ಇ’ ಎಂದು ಬರೆಸಿಕೊಂಡ ಅಜ್ಜಿ ಜಗುಲಿಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರೆ ಅದು ನಿಮ್ಮ ಕೇಸು. ‘ಎಸ್’ ಅಂತಿರುವವರು ಕೊಡಗಿನಿಂದ ಮುಂದಿನ ತಿಂಗಳು ಬರುವವರಾದರೆ ಅದೂ ನಿಮ್ಮ ಕೇಸು. ಹಾಗೆಯೇ ಸತ್ತು ವರ್ಷಗಳಾದವರ ಹೆಸರು ಇನ್ನೂ ಇದ್ದರೆ, ಒಂದೇ ಮನೆ ನಂಬರಿನಲ್ಲಿ ಊರಿಗೇ ಗೊತ್ತಿಲ್ಲದ ಇಪ್ಪತ್ತು ಹೆಸರಿದ್ದರೆ, ಅದನ್ನೂ ಗುರುತು ಹಾಕಿ. ಪಟ್ಟಿಯಲ್ಲಿ ಇರಬೇಕಾದವರು ಇರಬೇಕು, ಇರಬಾರದವರು ಇರಬಾರದು. ಎರಡರಲ್ಲಿ ಒಂದನ್ನಷ್ಟೇ ನೋಡುವ ಕಣ್ಣು ಪಕ್ಷದ ಕಣ್ಣು.

ಆಮೇಲೆ ಬಾಯಿಮಾತು ನಿಲ್ಲಿಸಿ, ಅರ್ಜಿ ಕೊಡಿ. ಹೊಸದಾಗಿ ಸೇರಲು ನಮೂನೆ 6, ಆಕ್ಷೇಪಣೆಗೆ, ತೆಗೆಯಲು 7, ತಿದ್ದುಪಡಿಗೆ, ವಿಳಾಸ ಬದಲಿಗೆ 8. ಹದಿನೆಂಟು ತುಂಬುವವರಿಗೆ ಈಗ ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಎಂದು ವರ್ಷಕ್ಕೆ ನಾಲ್ಕು ಅರ್ಹತಾ ದಿನಗಳಿವೆ. ಹದಿನೇಳು ದಾಟಿದವರು ಮುಂಚಿತವಾಗಿಯೇ ಅರ್ಜಿ ಹಾಕಬಹುದು. ಆನ್‌ಲೈನ್‌ನಲ್ಲಿ ಹಾಕಿದರೆ ಬರುವ ನಂಬರು ಬರೆದಿಟ್ಟುಕೊಳ್ಳಿ. ತಾಲ್ಲೂಕು ಕಚೇರಿಯ ಚುನಾವಣಾ ಶಾಖೆಯಲ್ಲಿ ಕೊಟ್ಟರೆ ಸ್ವೀಕೃತಿ ಪಡೆಯದೆ ಮೆಟ್ಟಿಲು ಇಳಿಯಬೇಡಿ. ಏನೂ ತೋಚದಿದ್ದರೆ 1950ಕ್ಕೆ ಫೋನ್ ಮಾಡಿ.

ಕಾನೂನೂ ನಿಮ್ಮ ಕಡೆಗಿದೆ. 1950ರ ಜನಪ್ರಾತಿನಿಧ್ಯ ಕಾಯ್ದೆಯ ಪ್ರಕಾರ, ಊರು ಬಿಟ್ಟರು ಎಂದಾಗಲಿ ಅರ್ಹರಲ್ಲ ಎಂದಾಗಲಿ ಒಬ್ಬರ ಹೆಸರು ತೆಗೆಯುವ ಮೊದಲು ಅವರ ಮಾತು ಕೇಳಲೇಬೇಕು. ಪಟ್ಟಿಯಲ್ಲಿ ಆಗಲೇ ಇರುವವರನ್ನು ವಿಚಾರಿಸದೆ ಹೊರಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟು 1995ರಲ್ಲಿ ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ಹೇಳಿದೆ. ಅಧಿಕಾರಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ, ಅಲ್ಲೂ ಆಗದಿದ್ದರೆ 30 ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ. ಸುಳ್ಳು ಘೋಷಣೆ ಮಾಡಿ ಅರ್ಜಿ ಹಾಕಿದವರಿಗೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ. ಇದು ಆಳಂದದ ಕಿಡಿಗೇಡಿಗಳಿಗೆ ಎಷ್ಟೋ, ಆಗದವನ ಹೆಸರು ತೆಗೆಸೋಣ ಎಂದು ನಮೂನೆ 7 ತುಂಬುವ ನಿಮ್ಮ ಗೆಳೆಯನಿಗೂ ಅಷ್ಟೇ.

ದಿನ ಮೀರಿದರೆ ಈ ಕಾನೂನೂ ಕೈಕಟ್ಟಿ ನಿಲ್ಲುತ್ತದೆ. ನಾಮಪತ್ರ ಸಲ್ಲಿಸುವ ಕೊನೆಯ ದಿನ ಕಳೆದ ಮೇಲೆ ಆ ಚುನಾವಣೆಗೆ ಹೆಸರು ಸೇರಿಸುವಂತಿಲ್ಲ. ಆದ್ದರಿಂದ ಮತದಾನದ ಬೆಳಿಗ್ಗೆ ವೋಟರ್ ಐಡಿ ಹಿಡಿದು ಬೂತಿಗೆ ಬಂದು, ಹೆಸರಿಲ್ಲ ಎಂದು ಕೇಳಿ, ಅಲ್ಲಿ ಕೂತಿರುವ ನೌಕರರ ಮೇಲೆ ಹರಿಹಾಯ್ದು ಪ್ರಯೋಜನವಿಲ್ಲ. ವೋಟು ಇರುವುದು ಪಟ್ಟಿಯಲ್ಲಿ, ಕಾರ್ಡಿನಲ್ಲಿ ಅಲ್ಲ. ಹೆಸರಿದ್ದೂ ನಿಮ್ಮ ವೋಟನ್ನು ಬೇರೆ ಯಾರೋ ಹಾಕಿ ಹೋಗಿದ್ದರೆ ಮಾತ್ರ ಜಾಗ ಬಿಟ್ಟು ಕದಲಬೇಡಿ. ನೀವೇ ನೀವೆಂದು ಸಾಬೀತು ಮಾಡಿ ‘ಟೆಂಡರ್ಡ್ ವೋಟು’ ಕೇಳಿ. ಅದನ್ನು ಕಾಗದದ ಮತಪತ್ರದಲ್ಲಿ ಹಾಕಿಸಿ ಬೇರೆ ಲಕೋಟೆಯಲ್ಲಿ ಇಡುತ್ತಾರೆ. ಎಣಿಕೆಗೆ ಅದು ಸೇರುವುದಿಲ್ಲ, ಆದರೆ ಕೋರ್ಟಿಗೆ ಹೋದ ದಿನ ಅದೇ ಸಾಕ್ಷಿ.

ಒಂದು ವೋಟಿನಿಂದ ಏನಾಗುತ್ತದೆ ಎನ್ನುವವರಿಗೆ ಪಕ್ಕದ ಚಾಮರಾಜನಗರ ಜಿಲ್ಲೆಯ ಅಂದಿನ ಸಂತೇಮರಹಳ್ಳಿ ಕ್ಷೇತ್ರ ಉತ್ತರ ಕೊಟ್ಟಿದೆ. 2004ರ ವಿಧಾನಸಭಾ ಚುನಾವಣೆಯಲ್ಲಿ ಆರ್. ಧ್ರುವನಾರಾಯಣ 40,752 ಮತ ಪಡೆದರು, ಎ.ಆರ್. ಕೃಷ್ಣಮೂರ್ತಿ 40,751. ಗೆದ್ದ ಧ್ರುವನಾರಾಯಣರೇ ಮುಂದೆ ಕೋಟೆಯವರಿಗೂ ಸಂಸದರಾದರು.

ಈಗ ನಿಮಗೆ ಕಹಿಯಾಗುವ ಮಾತು. ವೋಟು ಕಸಿಯಲು ಹೆಸರು ಅಳಿಸಲೇಬೇಕೆಂದಿಲ್ಲ, ಚುನಾವಣೆ ನಡೆಸದಿದ್ದರೂ ಸಾಕು. ನಮ್ಮ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳಿಗೆ ಚುನಾವಣೆ ಆದದ್ದು 2016ರ ಫೆಬ್ರುವರಿಯಲ್ಲಿ. ಅವಧಿ 2021ಕ್ಕೆ ಮುಗಿಯಿತು. ಐದು ವರ್ಷ ತುಂಬುವ ಮೊದಲೇ ಚುನಾವಣೆ ಆಗಬೇಕು ಎಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ಬಿಜೆಪಿ ಸರ್ಕಾರ ಕಾಯ್ದೆ ತಿದ್ದಿ ಕ್ಷೇತ್ರ ವಿಂಗಡಣೆಗೆ ಬೇರೆ ಆಯೋಗ ಮಾಡಿತು. ವಿಂಗಡಣೆ, ಮೀಸಲಾತಿ ಎಂದು ಕಾಲ ಹೋಯಿತು. ತಡ ಮಾಡಿದ್ದಕ್ಕೆ ಹೈಕೋರ್ಟು 2022ರ ಡಿಸೆಂಬರ್‌ನಲ್ಲಿ ಸರ್ಕಾರಕ್ಕೆ ಐದು ಲಕ್ಷ ದಂಡ ಹಾಕಿತು. 2023ರಲ್ಲಿ ಕಾಂಗ್ರೆಸ್ ಸರ್ಕಾರ ಬಂತು. ಮತಗಳ್ಳತನದ ವಿರುದ್ಧ ಅದೇ ಪಕ್ಷ ಫ್ರೀಡಂ ಪಾರ್ಕಿನಲ್ಲಿ ಸಭೆ ಮಾಡಿದ 2025 ಮುಗಿದರೂ ಈ ಚುನಾವಣೆ ಬರಲಿಲ್ಲ. ಹೀಗೆ ವರ್ಷಗಟ್ಟಲೆ ನಮ್ಮ ರಸ್ತೆ, ಶಾಲೆಯ ಕಟ್ಟಡ, ಕುಡಿಯುವ ನೀರಿನ ತೀರ್ಮಾನ ನಾವು ಆರಿಸದ ಅಧಿಕಾರಿಗಳ ಕೈಯಲ್ಲೇ ಉಳಿಯಿತು. ಈ ನಾಲ್ಕು ತಾಲ್ಲೂಕಿನಲ್ಲಿ 2016ರ ನಂತರ ಹದಿನೆಂಟು ತುಂಬಿದ ಒಬ್ಬರೂ ಅಷ್ಟು ಕಾಲ ಜಿಲ್ಲಾ ಪಂಚಾಯಿತಿಗೆ ವೋಟು ಹಾಕಲಿಲ್ಲ. ಇಷ್ಟು ಸಾರಾಸಗಟಾಗಿ ಮತ ಕಸಿಯಲು ಯಾವ ಖೊಟ್ಟಿ ಅರ್ಜಿಗೂ ಆಗುವುದಿಲ್ಲ. ಇದರ ಬಗ್ಗೆ ನಿಮ್ಮಲ್ಲಿ ಎಷ್ಟು ಜನ ಸ್ಟೇಟಸ್ ಹಾಕಿದ್ದೀರಿ?

ಕಲ್ಲಹಳ್ಳಿಯ ದೇವರಾಜ ಅರಸರು 1952ರಲ್ಲಿ ಹುಣಸೂರಿನಿಂದ ವಿಧಾನಸಭೆಗೆ ಗೆದ್ದಾಗ, ಗೇಣಿ ರೈತನಿಗೂ ಭೂಮಾಲೀಕನಿಗೂ ಸಮಾನವಾಗಿ ಒಂದೊಂದೇ ವೋಟು ಸಿಕ್ಕಿ ಹೆಚ್ಚು ದಿನವಾಗಿರಲಿಲ್ಲ. ಅದಕ್ಕೂ ಹಿಂದೆ ಮೈಸೂರಿನ ಪ್ರಜಾಪ್ರತಿನಿಧಿ ಸಭೆಗೆ ಆರಿಸುವ ಹಕ್ಕು ಆಸ್ತಿವಂತರಿಗೆ, ಕಂದಾಯ ಕಟ್ಟುವವರಿಗೆ, ಓದಿದವರಿಗೆ ಸೀಮಿತವಾಗಿತ್ತು. ಮುಂದೆ ಅರಸರು ಮುಖ್ಯಮಂತ್ರಿಯಾಗಿ 1974ರಲ್ಲಿ ಭೂಸುಧಾರಣೆ ತಂದರು. ಭೂಮಿ ಇಲ್ಲದವರಿಗೂ ವೋಟು ಇದ್ದದ್ದರಿಂದಲೇ ಅಂಥದ್ದು ಆಯಿತು ಎಂದು ನಾನು ನಂಬಿದ್ದೇನೆ. ಹೆಸರು ಅಳಿಸಿದರೆ ಮೊದಲು ಅಳಿಯುವುದು ಬಡವರ ಹೆಸರು. ಉಳ್ಳವರ ಹೆಸರು ತಪ್ಪಿದರೆ ಸಾಹೇಬರಿಗೆ ಒಂದು ಫೋನ್ ಹೋಗುತ್ತದೆ. ಜೇನುಕುರುಬರ ಮನೆಯವರಿಗಾಗಿ ಫೋನ್ ಮಾಡುವವರು ಯಾರು?

ಮಾಡುವವರು ನೀವಾಗಬೇಕು. ಅದಕ್ಕೆ ಒಂದು ಪರೀಕ್ಷೆ ಇದೆ, ಗುಟ್ಟಾಗಿ ನಿಮ್ಮನ್ನು ನೀವೇ ಕೇಳಿಕೊಳ್ಳಿ. ನಿಮ್ಮ ಪಕ್ಷಕ್ಕೆ ಎಂದೂ ವೋಟು ಹಾಕದ ಮನೆಯವರ ಹೆಸರು ತಪ್ಪಿರುವುದು ಕಂಡರೆ ಅವರಿಗೂ ನಮೂನೆ ತುಂಬಿಕೊಡುತ್ತೀರಾ? ಕೊಡುತ್ತೇನೆ ಎನ್ನುವವರ ಸಿಟ್ಟು ವೋಟಿನ ಮೇಲಿನ ಪ್ರೀತಿಯಿಂದ ಬಂದದ್ದು. ಹಿಂದೆಮುಂದೆ ನೋಡಿದರೆ ಅದು ಸೋತವರ ಸಿಟ್ಟು. ಇಂದು ಆಳುವವರು ನಾಳೆ ವಿರೋಧ ಪಕ್ಷದಲ್ಲಿ ಕೂರುತ್ತಾರೆ, ಇಂದು ಕೂಗುವವರು ನಾಳೆ ಆಳುತ್ತಾರೆ. ದಿಲ್ಲಿಯಲ್ಲಿ ಒಬ್ಬರು, ಬೆಂಗಳೂರಿನಲ್ಲಿ ಇನ್ನೊಬ್ಬರು ಆಳುತ್ತಿರುವ ಈ ಕಾಲದಲ್ಲಂತೂ ಇಬ್ಬರ ಮೇಲೂ ಕಣ್ಣಿರಬೇಕು.

ಮುಂದಿನ ಕರಡು ಪಟ್ಟಿ ಬಂದ ವಾರ, ಬೂತಿಗೆ ನಾಲ್ಕು ಜನ ಸೇರಿ. ಅವರಲ್ಲಿ ಒಬ್ಬರು ಹಾಡಿಯವರಿರಲಿ, ಒಬ್ಬರು ಸೊಸೆಯಾಗಿ ಬಂದವರಿರಲಿ, ಒಬ್ಬರು ಎದುರು ಪಕ್ಷದವರಿರಲಿ. ಬಿಎಲ್ಒ ಅಕ್ಕನನ್ನೂ ಕರೆಯಿರಿ. ಜಗಳಕ್ಕಲ್ಲ, ಜೊತೆಗೆ. ಅಂಗನವಾಡಿಯ ಕೆಲಸ ಮುಗಿಸಿ ಕೇರಿ ಕೇರಿ ಅಲೆಯುವ ಆಕೆ ನಿಮ್ಮ ಶತ್ರುವಲ್ಲ. ಒಬ್ಬರು ಹೆಸರುಗಳನ್ನು ಗಟ್ಟಿಯಾಗಿ ಓದಿ, ಉಳಿದವರು ಇದ್ದಾರೆ, ಇಲ್ಲ, ಗೊತ್ತಿಲ್ಲ ಅನ್ನಿ. ಇಲ್ಲ, ಗೊತ್ತಿಲ್ಲ ಅಂದ ಕಡೆ ಗುರುತು ಹಾಕಿ, ಮನೆಗೆ ಹೋಗಿ ವಿಚಾರಿಸಿ, ಅರ್ಜಿ ಬರೆಸಿ. ಅಷ್ಟಾದ ಮೇಲೂ ಹೆಸರು ಮಾಯವಾದರೆ ಬೀದಿಗಿಳಿಯಿರಿ, ಕೈಯಲ್ಲಿ ಸ್ವೀಕೃತಿ ಚೀಟಿ ಇರುವವರ ಕೂಗನ್ನು ಯಾವ ಸರ್ಕಾರಕ್ಕೂ ಸುಳ್ಳೆನ್ನಲು ಬಾಯಿ ಬರುವುದಿಲ್ಲ. ನಿಮ್ಮ ಕೂಗು ಬೆಂಗಳೂರಿಗೂ ದಿಲ್ಲಿಗೂ ಮುಟ್ಟಲಿ. ಅರ್ಜಿ ಮಾತ್ರ ಇಲ್ಲೇ, ನಮ್ಮ ತಾಲ್ಲೂಕು ಕಚೇರಿಯಲ್ಲೇ ಕೊಡಬೇಕು.